ಪದಗಳೊಳಗಿನ ಗಂಡಸರು: ಬಾಳಿ ಹೋದವರು ಯಾರು, ಹಾಡು ಹುಟ್ಟಿಸಿದವರು ಯಾರು?

ಪ್ರಶ್ನೆ: ನಾನು ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕಿ. ಮಕ್ಕಳಿಗೆ ತಮ್ಮ ಮನೆಯಲ್ಲಿ, ಊರಿನಲ್ಲಿ ಹಾಡುವ ಹಾಡುಗಳನ್ನು ಕೇಳಿ ಬರೆದು ತರಲು ಹೇಳಿದ್ದೆ. ಅವರು ತಂದ ಹಾಡುಗಳಲ್ಲಿ ಕಾಸಿಂ, ಹುಸೇನ, ಜೋಕುಮಾರ, ಸಂಗ್ಯಾ, ಮಾದೇವರಾಯ, ಗುರುಮಹಾಂತ, ಕರಿಯ ಹೀಗೆ ಗಂಡಸರ ಹೆಸರುಗಳು ತುಂಬಿವೆ. ಇವರೆಲ್ಲ ನಿಜವಾಗಿ ಇದ್ದವರೇ ಎಂದು ಮಕ್ಕಳು ಕೇಳುತ್ತಿದ್ದಾರೆ. ಅಜ್ಜಿಯರು ಹೇಳಿಕೊಟ್ಟ ಬೀಸುವ ಪದಗಳಲ್ಲಿ ಮಾತ್ರ ಒಬ್ಬ ಗಂಡನ ಹೆಸರೂ ಇಲ್ಲ. ಇದನ್ನೆಲ್ಲ ಮಕ್ಕಳಿಗೆ ಹೇಗೆ ವಿವರಿಸಬೇಕು?

ಉತ್ತರ: ನಿಮ್ಮ ಮಕ್ಕಳು ಬಹಳ ಒಳ್ಳೆಯ ಪ್ರಶ್ನೆ ಕೇಳಿದ್ದಾರೆ. ಆದರೆ 'ಇದ್ದನೇ, ಇಲ್ಲವೇ' ಎಂಬುದರಿಂದ ಹೊರಟರೆ ಅರ್ಧ ಹೆಸರುಗಳು ಕೈಗೆ ಸಿಗದೆ ಜಾರಿಹೋಗುತ್ತವೆ. ಅದಕ್ಕಿಂತ ಮೊದಲು ಆ ಹೆಸರು ಹಾಡಿನ ಯಾವ ಜಾಗದಲ್ಲಿ ನಿಂತಿದೆ, ಅದನ್ನು ಯಾರು, ಯಾವ ಹೊತ್ತಿನಲ್ಲಿ ಹಾಡುತ್ತಾರೆ ಎಂಬುದನ್ನು ನೋಡಬೇಕು. ಕಥೆಯ ನಡುವೆ ಬರುವ ಹೆಸರಿಗೂ ಕೊನೆಯ ನುಡಿಯಲ್ಲಿ ಬರುವ ಹೆಸರಿಗೂ ಬಹಳ ಅಂತರವಿದೆ. ಇನ್ನೊಂದು ಸಂಗತಿಯನ್ನೂ ಮೊದಲಿಗೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಮಾತುಗಳೆಲ್ಲ ಅದರ ಸುತ್ತಲೇ ಬರುತ್ತವೆ: ನಮ್ಮ ಸೀಮೆಯ ಪದಗಳಲ್ಲಿ ಹೆಸರಾಗಿ ಉಳಿದ ಗಂಡಸರಲ್ಲಿ ಗೆದ್ದವರಿಗಿಂತ ಸೋತವರು, ಎಳೆಯ ಪ್ರಾಯದಲ್ಲಿ ಸತ್ತವರು, ಬೇಡಿ ಉಂಡವರು, ನೀಡಿ ಬಾಳಿದವರೇ ಹೆಚ್ಚು. ಕಲಬುರಗಿ 1347ರಿಂದ ಬಹಮನಿ ಸುಲ್ತಾನರ ರಾಜಧಾನಿಯಾಗಿತ್ತು, ಅನಂತರ ಆ ಪಟ್ಟ ಬೀದರಿಗೆ ಹೋಯಿತು. ಆ ಸುಲ್ತಾನರ ಹೆಸರು ಹಳ್ಳಿಯ ಪದಗಳಲ್ಲಿ ಕಿವಿಗೆ ಬೀಳುವುದು ಅಪರೂಪ. ಅವರ ಕಾಲದಲ್ಲಿಯೇ ಕಲಬುರಗಿಗೆ ಬಂದು 1422ರಲ್ಲಿ ಇಲ್ಲಿಯೇ ದೇಹ ಬಿಟ್ಟ ಸೂಫಿ ಸಂತ ಖಾಜಾ ಬಂದೇನವಾಜರ ಹೆಸರಾದರೋ ಇಂದಿಗೂ ಜನರ ಬಾಯಲ್ಲಿದೆ.

ಮೊಹರಂ ಪದಗಳಿಂದಲೇ ತೊಡಗೋಣ, ಏಕೆಂದರೆ ನಿಮ್ಮ ಪಟ್ಟಿಯಲ್ಲಿ ಅತಿ ದೂರದಿಂದ ಬಂದು ಅತಿ ಹತ್ತಿರದವರಾದ ಗಂಡಸರು ಅಲ್ಲಿದ್ದಾರೆ. ಕಲಬುರಗಿ, ಯಾದಗಿರಿ, ಬೀದರ ಜಿಲ್ಲೆಗಳ ಹಳ್ಳಿಗಳಲ್ಲಿ ಪೀರಲ ಹಬ್ಬದ, ಅಂದರೆ ಮೊಹರಂನ, ದಿನಗಳಲ್ಲಿ ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಹಾಡುವ ರಿವಾಯತ್ ಎಂಬ ಕಥನ ಪದಗಳಲ್ಲಿ ಹಸನ, ಹುಸೇನ, ಕಾಸಿಂ, ಅಬ್ಬಾಸ ಇವರ ಕಥೆ ಬರುತ್ತದೆ. ಇವರೆಲ್ಲ ಚರಿತ್ರೆಯಲ್ಲಿ ನಿಜವಾಗಿ ಬಾಳಿದವರು. ಹುಸೇನರು ಪ್ರವಾದಿಯವರ ಮಗಳು ಫಾತಿಮಾ ಅವರ ಮಗ. 680ರಲ್ಲಿ, ಹಿಜರಿ 61ರ ಮೊಹರಂ ತಿಂಗಳ ಹತ್ತನೆಯ ದಿನ, ಈಗಿನ ಇರಾಕಿನಲ್ಲಿರುವ ಕರ್ಬಲಾ ಬಯಲಿನಲ್ಲಿ ಆಗಿನ ಖಲೀಫ ಯಜೀದನ ಸೇನೆಯ ಎದುರು ಸಣ್ಣ ಪರಿವಾರದೊಂದಿಗೆ ನಿಂತು ಮಡಿದರು. ಅಬ್ಬಾಸರು ಅವರ ಮಲತಮ್ಮ, ಬಾವುಟ ಹಿಡಿದವರು, ಬಾಯಾರಿದ ಮಕ್ಕಳಿಗೆ ನೀರು ತರಲು ಹೋಗಿ ಕೈಗಳನ್ನು ಕಳೆದುಕೊಂಡವರು ಎಂದು ಪರಂಪರೆ ನೆನೆಯುತ್ತದೆ. ಇಷ್ಟನ್ನು ಮಕ್ಕಳಿಗೆ ನೇರವಾಗಿ ಹೇಳಬಹುದು.

ಆದರೆ ಹಾಡು ಚರಿತ್ರೆಯನ್ನು ಇದ್ದಹಾಗೆಯೇ ಎತ್ತಿಕೊಂಡಿಲ್ಲ. ನಮ್ಮ ಪದಗಳಲ್ಲಿ ಅಣ್ಣ ಹಸನ, ತಮ್ಮ ಹುಸೇನ ಇಬ್ಬರೂ ಜೋಡಿಯಾಗಿ ಬರುತ್ತಾರೆ, ಕೆಲವು ಕಡೆ ಜೋಡಿಯಾಗಿಯೇ ದಂಡಿಗೆ ಹೋಗುತ್ತಾರೆ. ಚರಿತ್ರೆಯ ಪ್ರಕಾರ ಹಸನರು ಕರ್ಬಲಾಕ್ಕಿಂತ ಹತ್ತು ವರ್ಷ ಮೊದಲೇ, 670ರ ಸುಮಾರಿಗೆ ಮದೀನಾದಲ್ಲಿ ತೀರಿಕೊಂಡಿದ್ದರು. ಹಾಡುಗಾರನಿಗೆ ಇದು ತಿಳಿಯದೆ ಹೀಗಾಗಿದೆ ಎಂದು ತೀರ್ಪು ಕೊಡಬಾರದು. ಅಣ್ಣತಮ್ಮಂದಿರನ್ನು ಅಗಲಿಸದೆ ಹಾಡುವುದು ನಮ್ಮ ಕಥನಗೀತೆಗಳ ಬಲವಾದ ರೂಢಿ, ರಾಮಲಕ್ಷ್ಮಣರ ಹಾಗೆ, ಪಾಂಡವರ ಹಾಗೆ. ಹಸನ ಹುಸೇನರು ಆ ರೂಢಿಯೊಳಗೆ ಬಂದು ಸೇರಿದರು. ಅವರು ಬಂದ ದಾರಿಯೂ ತಿಳಿಯದ ದಾರಿಯಲ್ಲ. ಬಿಜಾಪುರದ ಆದಿಲ್‌ಶಾಹಿ, ಗೋಲ್ಕೊಂಡದ ಕುತುಬ್‌ಶಾಹಿ ಆಳಿಕೆಗಳಲ್ಲಿ ದಖ್ಖನಿ ಭಾಷೆಯ ಮರ್ಸಿಯಾಗಳು, ಅಂದರೆ ಶೋಕಗೀತೆಗಳು, ಬೆಳೆದವು. ಆ ಎರಡು ರಾಜ್ಯಗಳ ನಡುವೆ ಇದ್ದ ನಮ್ಮ ಹಳ್ಳಿಗಳಲ್ಲಿ ಅದೇ ಕಥೆ ಕನ್ನಡದ ಧಾಟಿಗೆ, ಕನ್ನಡದ ಕುಣಿತಕ್ಕೆ ಹೊಂದಿಕೊಂಡಿತು. ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲಿ ಪೀರಗಳು, ಅಂದರೆ ಹಬ್ಬಕ್ಕೆ ಎತ್ತಿ ನಿಲ್ಲಿಸುವ ಲಾಂಛನಗಳು, ಏಳುತ್ತವೆ, ಹುಸೇನಪ್ಪ, ಫಕೀರಪ್ಪ ಎಂಬ ಹೆಸರಿನ ಹಿಂದೂಗಳು ಪ್ರತಿ ಊರಿನಲ್ಲಿ ಸಿಗುತ್ತಾರೆ. ನಿಮ್ಮ ತರಗತಿಯಲ್ಲಿಯೇ ಯಾವುದಾದರೂ ಮಗುವಿನ ಅಜ್ಜನ ಹೆಸರು ಹುಸೇನಪ್ಪ ಎಂದಿದ್ದರೆ, ಹಾಡಿನ ಗಂಡಸು ಮನೆಯ ಗಂಡಸಾದ ಬಗೆಗೆ ಬೇರೆ ಉದಾಹರಣೆ ಬೇಕಾಗಿಲ್ಲ.

ಕಾಸಿಂನ ಮಾತು ಬೇರೆಯಾಗಿಯೇ ಹೇಳಬೇಕಾದದ್ದು. ಹಸನರ ಮಗನಾದ ಈ ಹುಡುಗ ಕರ್ಬಲಾದಲ್ಲಿ ಮಡಿದದ್ದು ಚರಿತ್ರೆಯ ಗ್ರಂಥಗಳಲ್ಲಿದೆ. ಯುದ್ಧದ ನಡುವೆಯೇ ಅವನಿಗೆ ಹುಸೇನರ ಮಗಳೊಂದಿಗೆ ಮದುವೆಯಾಯಿತು, ಬಾಸಿಂಗ ಕಟ್ಟಿದ ಮದುಮಗ ಹಾಗೆಯೇ ಕಾಳಗಕ್ಕೆ ಹೋದ ಎಂಬ ಭಾಗ ಮಾತ್ರ ಆರಂಭದ ಗ್ರಂಥಗಳಲ್ಲಿ ಇಲ್ಲ. ಅದು ಬಹಳ ಶತಮಾನಗಳ ಅನಂತರ, ಹದಿನಾರನೆಯ ಶತಮಾನದ ಆರಂಭದ ಹೊತ್ತಿಗೆ, ಪರ್ಷಿಯನ್ ಶೋಕಕಥನಗಳ ಮೂಲಕ ಜನಪ್ರಿಯವಾಯಿತು. ದಖ್ಖನಿನಲ್ಲಿ ಜನ ಹಿಡಿದುಕೊಂಡದ್ದು ಈ ಮದುಮಗನನ್ನೇ. ಕಾಸಿಂ ದೂಲ್ಹಾನ ಪೀರಕ್ಕೆ ಹೂವಿನ ಸೆಹರಾ ಕಟ್ಟುವುದು, ಮದುವೆಯ ಮೆಹಂದಿಯನ್ನು ನೆನೆಯುವುದು, ಹಾಡಿನಲ್ಲಿ ಅವನ ತಾಯಿ 'ಹಸಿ ಅರಿಶಿಣ ಆರಲಿಲ್ಲ' ಎಂಬ ಭಾವದಲ್ಲಿ ಅಳುವುದು ಇವೆಲ್ಲ ಅಲ್ಲಿಂದ ಬಂದವು. ಅರಿಶಿಣ, ಬಾಸಿಂಗ, ಹಂದರ ಎಲ್ಲವೂ ನಮ್ಮ ಮನೆಯ ಮದುವೆಯವು. ಚರಿತ್ರೆಯ ಒಬ್ಬ ಹುಡುಗನ ಮೇಲೆ ಹಾಡು ತನ್ನ ಊರಿನ ಮದುವೆಯನ್ನು ತಂದಿರಿಸಿದೆ. ಹೆಸರು ನಿಜ, ಸಾವು ನಿಜ, ಮದುವೆ ಹಾಡಿನದು. ಮಕ್ಕಳಿಗೆ ಈ ಮೂರು ಪದರಗಳನ್ನು ಬೇರೆ ಮಾಡಿ ತೋರಿಸುವಾಗ ಮದುವೆಯ ಪದರವನ್ನು 'ಸುಳ್ಳು' ಎಂದು ಕರೆಯಬೇಡಿ ಎಂದು ನಾನು ಕೈಮುಗಿದು ಕೇಳುತ್ತೇನೆ. ಆ ಊರುಗಳ ತಾಯಂದಿರು ತಮ್ಮ ದುಃಖವನ್ನು ಇಟ್ಟದ್ದು ಆ ಪದರದಲ್ಲಿಯೇ.

ಜೋಕುಮಾರನಿಗೆ ಇಂಥ ಚರಿತ್ರೆಯ ಆಧಾರ ಇಲ್ಲ, ಬೇಕಾಗಿಯೂ ಇಲ್ಲ. ಭಾದ್ರಪದ ಮಾಸದಲ್ಲಿ, ಗಣಪತಿ ಹಬ್ಬದ ಬೆನ್ನಿಗೆ, ಅಷ್ಟಮಿಯಂದು ಹುಟ್ಟಿ ಹುಣ್ಣಿಮೆಯ ಹೊತ್ತಿಗೆ ಸಾಯುವ ದೇವರು ಅವನು. ಮಣ್ಣಿನ ಮೂರ್ತಿಯನ್ನು ಬುಟ್ಟಿಯಲ್ಲಿ ಕೂರಿಸಿ, ಸುತ್ತ ಬೇವಿನ ಸೊಪ್ಪು ಇಟ್ಟು, ತುಟಿಗೆ ಬೆಣ್ಣೆ ಸವರಿ, ಅಂಬಿಗರ ಹೆಣ್ಣುಮಕ್ಕಳು ತಲೆಯ ಮೇಲೆ ಹೊತ್ತು ಮನೆಮನೆಗೆ ಹಾಡುತ್ತ ಬರುತ್ತಾರೆ. ಮನೆಯವರು ಮೊರದಲ್ಲಿ ಜೋಳ ತಂದು ಹಾಕುತ್ತಾರೆ. ಹಾಡಿನ ಪ್ರಕಾರ ಅವನು ಹೆಣ್ಣುಗಳ ಬೆನ್ನು ಹತ್ತಿದ ಪೋಕರಿ, ಮಳೆ ತರುವವನೂ ಅವನೇ, ಕೊನೆಗೆ ಅಗಸರ ಕೈಯಲ್ಲಿ ಸಾಯುವವನೂ ಅವನೇ. ಇವನನ್ನು ಮಕ್ಕಳಿಗೆ ಮಳೆಬೆಳೆಯ ದೇವರೆಂದು ಹೇಳಿದರೆ ಸಾಕು.

ಮೈಲಾರಲಿಂಗನೂ ಇದೇ ಸಾಲಿನವನು. ಯಾದಗಿರಿಯ ಮೈಲಾಪುರದಲ್ಲಿ ಮಲ್ಲಯ್ಯ, ಬೀದರದ ಖಾನಾಪುರದಲ್ಲಿ ಮಲ್ಲಣ್ಣ, ಮಹಾರಾಷ್ಟ್ರದಲ್ಲಿ ಖಂಡೋಬ ಎಂದು ಹೆಸರು ಬದಲಾಗುತ್ತದೆ. ಗಂಗಿಮಾಳವ್ವ, ಕುರುಬತ್ಯವ್ವ ಎಂಬ ಇಬ್ಬರು ಹೆಂಡಂದಿರ ನಡುವಿನ ಸಂಸಾರವನ್ನು ಹಾಡುವಾಗ ದೇವರು ಪೂರಾ ನಮ್ಮ ಓಣಿಯ ಗಂಡಸಾಗಿಬಿಡುತ್ತಾನೆ.

ಇನ್ನು ಲಾವಣಿಗಳ ಗಂಡಸರು. ಇಲ್ಲಿ ನಿಜವಾಗಿ ಇದ್ದವರು ಹೆಚ್ಚು, ದಾಖಲೆಯೂ ಸಿಗುತ್ತದೆ. ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ನೇಣಿಗೆ ಹಾಕಿದ್ದು 1831ರ ಜನವರಿ 26ರಂದು. ಹತ್ತಾರು ವರ್ಷಗಳ ಅನಂತರ ಜಾನ್ ಫೇತ್‌ಫುಲ್ ಫ್ಲೀಟ್ ಎಂಬ ಅಧಿಕಾರಿ ಕನ್ನಡ ಲಾವಣಿಗಳನ್ನು ಸಂಗ್ರಹಿಸಿ 1885ರಿಂದ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಪ್ರಕಟಿಸಿದಾಗ ರಾಯಣ್ಣ ಅಲ್ಲಿದ್ದ, ಬ್ರಿಟಿಷರ ಎದುರು ಹೋರಾಡಿದ ಹಲಗಲಿಯ ಬೇಡರಿದ್ದರು, ಸಂಗ್ಯಾನೂ ಇದ್ದ. ಅಂದರೆ ನಿಮ್ಮ ಮಕ್ಕಳು ತಂದ ಸಂಗ್ಯಾ ನಾಟಕದ ಪಾತ್ರವಷ್ಟೇ ಅಲ್ಲ. ಬೈಲಹೊಂಗಲದ ಸೀಮೆಯಲ್ಲಿ ನಡೆದದ್ದೆಂದು ಹೇಳುವ ಒಂದು ಕೊಲೆ ಲಾವಣಿಯಾಯಿತು, ಲಾವಣಿ ಸಣ್ಣಾಟವಾಯಿತು, ಸಣ್ಣಾಟ ನಮ್ಮ ಭಾಗದ ಜಾತ್ರೆಗಳ ರಾತ್ರಿಗೂ ಬಂದಿತು. ಪರರ ಹೆಂಡತಿಯನ್ನು ಬಯಸಿದ ತಪ್ಪು ಸಂಗ್ಯಾನದು, ಗೆಳೆತನಕ್ಕೆ ಎರಡು ಬಗೆದ ತಪ್ಪು ಅವನ ಗೆಳೆಯ ಬಾಳ್ಯಾನದು. ಜನ ಮರುಗಿದ್ದು ಕೊಲೆಯಾದ ಸಂಗ್ಯಾನಿಗೆ. ತೀರ್ಪು ಹೇಳುವ ಕೆಲಸವನ್ನು ಹಾಡು ಮಾಡುತ್ತದೆ, ಆದರೆ ಪಂಚಾಯತಿಯ ತೀರ್ಪು ಅದಕ್ಕೆ ಯಾವಾಗಲೂ ಒಪ್ಪಿಗೆಯಾಗುವುದಿಲ್ಲ.

ನಮ್ಮ ಸೀಮೆಯವನೇ ಆದ ಸುರಪುರದ ರಾಜಾ ವೆಂಕಟಪ್ಪ ನಾಯಕನನ್ನು ಮಕ್ಕಳ ಪಟ್ಟಿಯಲ್ಲಿ ಕಾಣದೆ ನನಗೆ ಬೇಸರವಾಯಿತು. 1858ರಲ್ಲಿ ಬ್ರಿಟಿಷರ ಸೇನೆ ಸುರಪುರಕ್ಕೆ ಬಂದಿತು. ಕಾಳಗದ ಅನಂತರ ಯುವ ಅರಸ ಹೈದರಾಬಾದಿಗೆ ಹೋದ, ಅಲ್ಲಿ ಸೆರೆಯಾದ. ಸೆರೆವಾಸಕ್ಕೆಂದು ಚೆಂಗಲ್‌ಪಟ್ಟಿಗೆ ಒಯ್ಯುವಾಗ ದಾರಿಯಲ್ಲಿ ಗುಂಡು ತಗಲಿ ಸತ್ತ. ಅವನನ್ನು ಬಾಲ್ಯದಲ್ಲಿ ನೋಡಿಕೊಂಡಿದ್ದ, ಅವನು 'ಅಪ್ಪಾ' ಎಂದೇ ಕರೆಯುತ್ತಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ, ಅರಸ ತಾನೇ ಗುಂಡು ಹಾರಿಸಿಕೊಂಡ ಎಂದು ಬರೆದಿದ್ದಾನೆ. ಸುರಪುರದ ಜನರ ನೆನಪು ಇದನ್ನು ಒಪ್ಪುವುದಿಲ್ಲ, ಅವನನ್ನು ಮೋಸದಿಂದ ಕೊಂದರು ಎನ್ನುತ್ತದೆ. ಒಬ್ಬನೇ ಮನುಷ್ಯನ ಸಾವಿಗೆ ಬರಹವೊಂದು, ಬಾಯಿಮಾತೊಂದು ಎಂದು ಎರಡು ಕಥೆಗಳು ಹೀಗೆ ಎದುರುಬದುರು ನಿಂತಾಗ ಎರಡನ್ನೂ ಮಕ್ಕಳ ಮುಂದಿಡಿ. ಸುರಪುರ ಅವರಿಗೆ ದೂರದ ಊರಲ್ಲ, ಹೋಗಿ ಕೇಳಲಿ.

ಮಾದೇವರಾಯ ಈ ಸಾಲಿಗೆ ಸೇರುವವನಲ್ಲ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸಿದ, ನೀರು ಬರಲಿಲ್ಲ, ಕಿರಿಸೊಸೆ ಭಾಗೀರಥಿಯನ್ನು ಆಹುತಿ ಕೊಟ್ಟರು ಎಂಬ ಹಾಡಿನಲ್ಲಿ ಅವಳ ಗಂಡನೇ ಮಾದೇವರಾಯ. ಹಾಡಿನ ಬಹುಭಾಗದಲ್ಲಿ ಅವನು ಇಲ್ಲವೇ ಇಲ್ಲ, ದಂಡಿನಲ್ಲಿದ್ದಾನೆ. ಕೆಟ್ಟ ಕನಸು ಬಿದ್ದು ಕುದುರೆ ಏರಿ ಬಂದರೆ ಮನೆಯವರು ಅವಳು ತವರಿಗೆ ಹೋದಳೆಂದು ಹೇಳುತ್ತಾರೆ. ತವರಿನವರು ಗೆಳತಿಯ ಮನೆಗೆ ಹೋದಳೆನ್ನುತ್ತಾರೆ, ನಿಜ ಹೇಳುವವಳು ಗೆಳತಿ ಒಬ್ಬಳೇ. ಅವನು ಬಂದು ಅದೇ ಕೆರೆಗೆ ಹಾರುತ್ತಾನೆ. ಊರಿನ ಹೆಸರು, ಗೌಡನ ಹೆಸರು ಇರುವುದರಿಂದ ಇದು ನಡೆದ ಕಥೆಯೇ ಎನಿಸುತ್ತದೆ. ಆದರೆ ಕೆರೆಗೆ, ಕೋಟೆಗೆ ಹೆಣ್ಣನ್ನು ಬಲಿಕೊಟ್ಟ ಇಂಥ ಕಥೆಗಳು ಭಾರತದ ಅನೇಕ ಕಡೆ, ಹೊರಗೂ ಇವೆ. ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ಹೆಸರುಗಳನ್ನು ತೊಟ್ಟಿವೆ. ಈ ಹಾಡಿನಲ್ಲಿ ನಾನು ಮತ್ತೆ ಮತ್ತೆ ಗಮನಿಸುವುದು ಮಾದೇವರಾಯನ ಕೆಲಸವನ್ನು. ಕೆರೆ ತುಂಬಿದೆ, ಊರಿಗೆ ನೀರಾಗಿದೆ, ಎಲ್ಲರಿಗೂ ಒಳ್ಳೆಯದಾಗಿದೆ. ಆ ಒಳ್ಳೆಯದನ್ನು ಒಪ್ಪದ ಒಬ್ಬ ಗಂಡಸು ಬೇಕಾಗಿತ್ತು. ಹಾಡಿದ ಹೆಂಗಸರು ಅವನನ್ನು ಹುಟ್ಟಿಸಿ, ದಂಡಿನಿಂದ ಕರೆಸಿದರು. ಪುಣ್ಯಕೋಟಿಯ ಹಾಡಿನ ಕಾಳಿಂಗ ಇದಕ್ಕೆ ತದ್ವಿರುದ್ಧ. ಕಾಳಿಂಗನೆಂಬ ಗೊಲ್ಲನ ಪರಿಯನ್ನು ಹೇಳುತ್ತೇನೆಂದು ಹಾಡು ಆರಂಭವಾಗುತ್ತದೆ, ಆದರೆ ಅವನು ಹಸುಗಳನ್ನು ಹೆಸರು ಹಿಡಿದು ಕರೆದು ಹಾಲು ಕರೆದದ್ದೇ ತಡ, ಕಥೆ ಹಸುವಿನದೂ ಹುಲಿಯದೂ ಆಗಿಹೋಗುತ್ತದೆ.

ತತ್ವಪದಗಳ ವಿಷಯದಲ್ಲಿ ಎಚ್ಚರ ಬೇಕು, ಏಕೆಂದರೆ ಅಲ್ಲಿ ಕೊನೆಯ ನುಡಿಯಲ್ಲಿ ಬರುವ ಹೆಸರು ಪಾತ್ರವಲ್ಲ, ಅಂಕಿತ, ಅಂದರೆ ಹಾಡು ಕಟ್ಟಿದವನ ಗುರುತು. ಮಕ್ಕಳು ಬರೆದು ತಂದ 'ಗುರುಮಹಾಂತ' ಕಥೆಯೊಳಗಿನ ಮನುಷ್ಯನಲ್ಲ, ತತ್ವಪದಕಾರ ಕಡಕೋಳ ಮಡಿವಾಳಪ್ಪನವರು ತಮ್ಮ ಗುರುವಿನ ನೆನಪಿನಲ್ಲಿ ಇಟ್ಟುಕೊಂಡ ಅಂಕಿತ. ಕಡಕೋಳ ನಮ್ಮ ಜಿಲ್ಲೆಯ ಊರು, ಹಿಂದೆ ಜೇವರ್ಗಿ ತಾಲ್ಲೂಕಿನಲ್ಲಿದ್ದು ಈಗ ಯಡ್ರಾಮಿಗೆ ಸೇರಿದೆ. ಅಂಕಿತದಲ್ಲಿ ಹಾಡಿದವನು ತನ್ನ ಹೆಸರನ್ನು ಹಿಂದಿಟ್ಟು ಗುರುವಿನದೋ ಊರ ದೇವರದೋ ಹೆಸರನ್ನು ಮುಂದಿಡುತ್ತಾನೆ. ಶಿಶುನಾಳ ಶರೀಫರ ಪದಗಳ 'ಶಿಶುನಾಳಧೀಶ' ಶರೀಫರಲ್ಲ, ಅವರ ಊರಿನ ಬಸವಣ್ಣ. ಹಲಗಲಿ ಬೇಡರ ಲಾವಣಿಯ ಕೊನೆಗೆ ಬರುವ ಕುರ್ತಕೋಟಿಯ ಕಲ್ಮೇಶನೂ ಹೋರಾಡಿದ ಬೇಡನಲ್ಲ, ಲಾವಣಿ ಕಟ್ಟಿದವನ ಊರಿನ ದೇವರು. ಇದನ್ನು ತಿಳಿಯದ ವಿದ್ಯಾರ್ಥಿ ಕಲ್ಮೇಶನನ್ನು ಹೋರಾಡಿದ ಬೇಡರಾದ ಹನುಮ, ಬಾಲ, ಜಡಗರ ಜೊತೆಗೆ ಸೇರಿಸಿಬಿಡುತ್ತಾನೆ. ತಿಳಿದವನಿಗೆ ಆ ಒಂದೇ ಹೆಸರಿನಿಂದ ಹಾಡು ಹುಟ್ಟಿದ ಊರು ಸಿಗುತ್ತದೆ.

ಮಡಿವಾಳಪ್ಪನವರ ಶಿಷ್ಯರ ಹೆಸರುಗಳನ್ನೂ ಮಕ್ಕಳಿಂದ ಹೇಳಿಸಿ ನೋಡಿ: ಚನ್ನೂರು ಜಲಾಲಸಾಹೇಬ, ಖೈನೂರು ಕೃಷ್ಣಪ್ಪ. ಊರು ಮೊದಲು, ಹೆಸರು ಆಮೇಲೆ. ಒಬ್ಬ ಗುರುವಿನ ಕೈಕೆಳಗೆ ಜಲಾಲನೂ ಕೃಷ್ಣಪ್ಪನೂ ಏಕತಾರಿ ಹಿಡಿದು ಕುಳಿತ ನೆಲ ಇದು. ಈಗ ಮೊಬೈಲಿನಲ್ಲಿ ಓಡಾಡುವ ಜಾನಪದ ಧಾಟಿಯ ಹಾಡುಗಳಲ್ಲಿಯೂ ಕೊನೆಯ ನುಡಿಯಲ್ಲಿ ಬರೆದವನ ಹೆಸರು, ಹಾಡಿದವನ ಹೆಸರು, ಅವರ ಊರು ಬರುತ್ತದೆ. ಅದು ಈ ಹಳೆಯ ಪದ್ಧತಿಯ ಮುಂದುವರಿಕೆ. ಗುರುವಿನ ಹೆಸರು ಹೋಗಿ ತನ್ನ ಹೆಸರು ಬಂದಿದೆ ಎಂಬುದಷ್ಟೇ ವ್ಯತ್ಯಾಸ, ಆ ವ್ಯತ್ಯಾಸ ನನ್ನ ಮಟ್ಟಿಗೆ ಸಣ್ಣದಲ್ಲ.

ಈಗ ಅಜ್ಜಿಯರ ಬೀಸುವ ಪದಗಳಿಗೆ ಬರೋಣ. ಅಲ್ಲಿ ಗಂಡನ ಹೆಸರು ಸಿಗದಿರುವುದಕ್ಕೆ ಕಾರಣ ಸರಳ: ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬ ಕಟ್ಟುಪಾಡು. ಆದ್ದರಿಂದ ಅವನು 'ರಾಯ' ಆಗುತ್ತಾನೆ, 'ನನ್ನವರು' ಆಗುತ್ತಾನೆ. ಅಣ್ಣ, ತಮ್ಮ, ಹಡೆದಪ್ಪ ಮಾತ್ರ ಧಾರಾಳವಾಗಿ ಬರುತ್ತಾರೆ. ಬೆಳಗಿನ ಜಾವ ಕಲ್ಲಿನ ಮುಂದೆ ಕುಳಿತು ಮೊದಲು ನೆನೆಯುವ ಹೆಸರುಗಳಲ್ಲಿ ಕಲಬುರಗಿಯ ಶರಣಬಸವ ಇರುತ್ತಾನೆ. ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿ, ಹಸಿದವರಿಗೆ ದಾಸೋಹ ನಡೆಸಿ, 1822ರಲ್ಲಿ ಲಿಂಗೈಕ್ಯರಾದ ಶರಣರು ಅವರು. ದಖ್ಖನಿ ಮಾತನಾಡುವ ಮನೆಗಳಲ್ಲಿಯೂ ಇದೇ ಕಲ್ಲಿನ ಮುಂದೆ ಹಾಡುವ ಚಕ್ಕಿನಾಮಾಗಳಿದ್ದವು. ಸೂಫಿ ಪರಂಪರೆಯಿಂದ ಬಂದ ಆ ಪದಗಳಲ್ಲಿ ಬೀಸುವ ಕಲ್ಲಿನ ನೆಟ್ಟನೆಯ ಹಿಡಿ ಅಲಿಫ್ ಅಕ್ಷರವಾಗುತ್ತದೆ, ಅಲ್ಲಾಹನ ಹೆಸರಿನ ಮೊದಲ ಅಕ್ಷರ. ಗುರುವಿನ, ಪೀರರ, ಅಂದರೆ ಸೂಫಿ ಸಂತರ, ಹೆಸರನ್ನು ನೆನೆಯುತ್ತ ಅವರೂ ಬೀಸುತ್ತಿದ್ದರು. ಎರಡು ಭಾಷೆಗಳ ಹೆಂಗಸರೂ ಗಂಡನನ್ನು ಹೆಸರಿಸದೆ ಶರಣನನ್ನೋ ಪೀರನನ್ನೋ ಹೆಸರಿಸಿದ್ದನ್ನು ಮಕ್ಕಳು ಗಮನಿಸಬೇಕು.

ಹೇಳಬಾರದ ಹೆಸರನ್ನು ಹೇಳಿಸುವ ಒಂದು ಸಂದರ್ಭ ಮಾತ್ರ ಇತ್ತು, ಅದು ಒಡಪು. ಮದುವೆಯಲ್ಲಿ, ಸೀಮಂತದಲ್ಲಿ, ಹೊಸ್ತಿಲು ದಾಟುವಾಗ ಬಾಗಿಲು ತಡೆದು 'ಒಡಪು ಹಾಕಿ ಹೆಸರು ಹೇಳು' ಎಂದು ಹಟ ಮಾಡುತ್ತಾರೆ. ಆಗ ಹೊಸ ಮದುವಣಗಿತ್ತಿ 'ತೊಗರಿ ಹೊಲದಾಗ ಅರಳ್ಯಾವ ಹಳದಿ ಹೂವ, ಶರಣಪ್ಪನವರ ಹೆಸರ ಹೇಳತೀನಿ ಕೇಳ್ರೆವ್ವಾ' ಎಂಬ ಧಾಟಿಯಲ್ಲಿ ಪ್ರಾಸ ಕೂಡಿಸಿ ಹೆಸರು ಹೇಳಿ ಒಳಗೆ ಹೋಗುತ್ತಾಳೆ. ಬರಿಯ ಮಾತಿನಲ್ಲಿ ನಿಷೇಧವಾದದ್ದು ಪದ್ಯದಲ್ಲಿ ಹೇಳಬಹುದಾಗುತ್ತದೆ. ನಿಮ್ಮ ಮಕ್ಕಳ ಸಂಗ್ರಹದಲ್ಲಿ ಒಡಪುಗಳು ಇಲ್ಲವಾದರೆ ಈಗಲೇ ಬರೆಸಿ. ಬೀಸುವ ಪದಗಳ ಹಾಡುಗಾರರು ಕಡಿಮೆಯಾಗುತ್ತಿದ್ದಾರೆ, ಒಡಪು ಹೇಳುವ ಅತ್ತೆ, ಚಿಕ್ಕಮ್ಮಂದಿರು ಇನ್ನೂ ಪ್ರತಿ ಓಣಿಯಲ್ಲಿ ಸಿಗುತ್ತಾರೆ. ನಿಜವಾಗಿ ಬದುಕಿರುವ ಗಂಡಸರ ಹೆಸರು ಸಿಗುವುದು ಅಲ್ಲಿಯೇ.

ಸಿನಿಮಾ ಹಾಡುಗಳ ಬಗೆಗೆ ಹೆಚ್ಚು ಹೇಳುವುದಿಲ್ಲ. 2007ರ ದುನಿಯಾ ಚಿತ್ರದ ಹಾಡಿನಿಂದ ಬಂದ 'ಕರಿಯ' ಒಬ್ಬ ವ್ಯಕ್ತಿಯ ಹೆಸರಿಗಿಂತ ಪ್ರೀತಿಯ ಕೂಗು. ಸಿನಿಮಾದ ರಾಜ, ಚೆನ್ನಿಗ, ಮಾವ ಎಲ್ಲರೂ ಹೀಗೆಯೇ. ಆದರೂ ಮಕ್ಕಳು ಅದನ್ನು ಬರೆದು ತಂದರೆ ತೆಗೆದುಹಾಕಬೇಡಿ, ಏಕೆಂದರೆ ಬೀಸುವ ಪದದ 'ರಾಯ' ಮಾಡುತ್ತಿದ್ದ ಕೆಲಸವನ್ನೇ ಇವು ಮಾಡುತ್ತವೆ, ಹೇಳಲಾಗದ ಹೆಸರಿನ ಜಾಗದಲ್ಲಿ ನಿಲ್ಲುತ್ತವೆ.

ಕೊನೆಗೆ ತರಗತಿಯ ಕೆಲಸದ ಮಾತು. ಪ್ರತಿ ಹಾಡಿನ ಕೆಳಗೆ ಹೇಳಿದವರ ವಯಸ್ಸು, ಊರು, ಹಾಡುವ ಸಂದರ್ಭ, ಹೆಸರು ಯಾವ ನುಡಿಯಲ್ಲಿ ಬಂದಿದೆ ಎಂಬುದನ್ನು ಬರೆಯಿಸಿ. ಹೇಳಿದವರ ಹೆಸರನ್ನು ಅವರು ಒಪ್ಪಿದರೆ ಮಾತ್ರ ಹಾಕಿ. ಹೆಸರನ್ನು ಬಾಯಲ್ಲಿ ಬಂದ ಹಾಗೆಯೇ ಬರೆಯಬೇಕು. 'ಆಸೇನ ಉಸೇನ' ಎಂದು ಹಾಡಿದ್ದರೆ ಹಾಗೆಯೇ ಇರಲಿ, 'ಹಸನ್, ಹುಸೇನ್' ಎಂದು ತಿದ್ದಿದ ರೂಪವನ್ನು ಪಕ್ಕದಲ್ಲಿ ಬೇರೆಯಾಗಿ ಬರೆಯಲಿ. 'ಬಸವಣ್ಣ' ಎಂಬ ಹೆಸರು ಬಂದಲ್ಲಿ ವಿಶೇಷವಾಗಿ ಕೇಳಿ ತಿಳಿದುಕೊಳ್ಳಿ. ಅದು ಕಲ್ಯಾಣದಲ್ಲಿ ಬಿಜ್ಜಳನ ಮಂತ್ರಿಯಾಗಿದ್ದ ಹನ್ನೆರಡನೆಯ ಶತಮಾನದ ಬಸವಣ್ಣನೂ ಆಗಿರಬಹುದು, ಗುಡಿಯ ನಂದಿಯೂ ಆಗಿರಬಹುದು, ಹಂತಿ ಪದದಲ್ಲಿ ಕಣ ತುಳಿಯುತ್ತಿರುವ ಎತ್ತೂ ಆಗಿರಬಹುದು. ಹಾಡಿದವರನ್ನು ಕೇಳಿದರೆ ಯಾವ ಬಸವಣ್ಣ ಎಂದು ಅವರೇ ಹೇಳುತ್ತಾರೆ. ಒಂದೇ ಹಾಡಿನಲ್ಲಿ ಮೂವರೂ ಇದ್ದಾರೆಂದು ಅವರು ಹೇಳಿದರೆ ಅದನ್ನೂ ಹಾಗೆಯೇ ಬರೆದುಕೊಳ್ಳಿ.